ಗೋಡೆ ಕಡೆ ಮುಖ

"ಬೆನ್ನು ತಟ್ಟೋದೂ ಒಂದು ಕೆಲಸವೇನೇ ರುಕ್ಮಿಣಿ?" ಅಂತ ನನ್ನ ಸೋದರತ್ತೆ ಕೊನೆಯವರೆಗೂ ಕೇಳುತ್ತಲೇ ಇದ್ದರು. ಅವರಿಗೆ ಉತ್ತರ ಕೊಟ್ಟು ಕೊಟ್ಟು ನನಗೆ ಸಾಕಾಗಿತ್ತು. ಈಗ ಅದೇ ಕೆಲಸ ಕಲಿಯೋದಕ್ಕೆ ಚಿಕ್ಕಬಳ್ಳಾಪುರದ ನಮ್ಮ ಬೀದಿಯ ಹುಡುಗಿಯರು ಬೆಂಗಳೂರಿಗೆ ಹೋಗುತ್ತಾರೆ, ವರ್ಷಗಟ್ಟಲೆ ಓದುತ್ತಾರೆ, ಫಿಸಿಯೋಥೆರಪಿ ಅನ್ನುತ್ತಾರೆ. ಅವರಲ್ಲೊಬ್ಬಳು ಮೊನ್ನೆ ಬಂದು, "ಅಜ್ಜಿ, ಆಗ ಮಿಷನ್ನು ಗಿಷನ್ನು ಏನೂ ಇರಲಿಲ್ವಲ್ಲ, ಏನಿಟ್ಕೊಂಡು ಮಾಡ್ತಿದ್ರಿ?" ಅಂದಳು. ಎರಡು ಕೈ ಚಾಚಿ ತೋರಿಸಿದೆ. ಕಿಸಕ್ಕನೆ ನಕ್ಕಳು. ಅವಳು ಹೋದ ಮೇಲೂ ಆ ನಗು ಕಿವಿಯಲ್ಲೇ ಇತ್ತು. ಅದಕ್ಕೇ ಇದನ್ನು ಬರೆಯೋಕೆ ಕೂತಿದ್ದೇನೆ.

ನನಗೆ ಯಾವಾಗ ಯಾವ ಹುದ್ದೆ ಸಿಕ್ಕಿತು, ಯಾರು ಬಡ್ತಿ ತಪ್ಪಿಸಿದರು, ಅದೆಲ್ಲ ಇಲ್ಲಿ ಬೇಡ. ಅದನ್ನು ಓದಿದರೆ ಯಾರ ಕೆಮ್ಮೂ ವಾಸಿಯಾಗುವುದಿಲ್ಲ. ನಾನು ಮಾಡಿದ ಒಂದು ದೊಡ್ಡ ತಪ್ಪನ್ನು ಬರೆಯುತ್ತೇನೆ, ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ಅದು ಉಪಯೋಗಕ್ಕೆ ಬರುತ್ತದೆ. ಅದಕ್ಕೆ ಮುಂಚೆ ಒಂದೆರಡು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಿಮಗೆ ಕಾಲ ಅರ್ಥವಾಗುವುದಿಲ್ಲ.

ಐವತ್ತರ ದಶಕದ ನಡುವೆ ನಾನು ನರ್ಸಿಂಗ್ ಮುಗಿಸಿದ ಮೇಲೆ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಕೆಲವು ತಿಂಗಳು ಎದೆಯ ರೋಗಿಗಳ ವಾರ್ಡಿಗೆ ಹಾಕಿದ್ದರು. ಅಲ್ಲಿನ ಮೇಟ್ರನ್ ಬಲು ಖಡಕ್ಕು ಹೆಂಗಸು. ಶ್ವಾಸಕೋಶದಲ್ಲಿ ವರ್ಷಗಟ್ಟಲೆ ಉರಿಯೂತ ಇದ್ದರೆ ಒಳಗಿನ ಕೊಳವೆಗಳು ಸಡಿಲವಾಗಿ ಜೋಲುಬೀಳುತ್ತವೆ, ಅಲ್ಲಿ ಕಫ ನಿಂತು ಕೊಳೆಯುತ್ತದೆ, ಅದನ್ನು ಹೊರಗೆ ತರುವುದೇ ಅರ್ಧ ಚಿಕಿತ್ಸೆ ಅಂತ ಕಲಿಸಿದ್ದು ಅವರು. ಕೆಟ್ಟಿರುವ ಭಾಗ ಮೇಲೆ ಬರುವ ಹಾಗೆ ರೋಗಿಯನ್ನು ಮಗ್ಗುಲಾಗಿ ಮಲಗಿಸಬೇಕು. ಮಂಚದ ಕಾಲ್ದೆಸೆಗೆ ಇಟ್ಟಿಗೆ ಕೊಟ್ಟು ಎತ್ತಬೇಕು, ತಲೆ ಕೆಳಗಾಗಬೇಕು. ಆಮೇಲೆ ಅಂಗೈಯನ್ನು ಗುಳಿ ಮಾಡಿಕೊಂಡು ಪಕ್ಕೆಯ ಮೇಲೆ ತಟ್ಟಬೇಕು. ಕಫ ತಾನಾಗಿ ಇಳಿದು ಗಂಟಲಿಗೆ ಬರುತ್ತದೆ. ಚಪ್ಪಟೆ ಅಂಗೈಯಲ್ಲಿ ತಟ್ಟಿದರೆ ಮೇಟ್ರನ್ ಬಂದು ಅದೇ ಥರ ನಮ್ಮ ಬೆನ್ನಿಗೆ ಒಂದು ಕೊಡುತ್ತಿದ್ದರು. "ನೋವಾಯ್ತಲ್ಲ? ಅವನಿಗೂ ಹಾಗೇ ಆಗತ್ತೆ" ಅನ್ನುತ್ತಿದ್ದರು. ನಾವು ವಾರಗಟ್ಟಲೆ ದಿಂಬಿನ ಮೇಲೆ ತಟ್ಟಿ ಕಲಿತೆವು.

ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಬಂದ ಮೇಲೆ ನನ್ನ ಮೇಲಿದ್ದವರು ಡಾಕ್ಟರ್ ವೆಂಕಟರಾಮಯ್ಯ. ಮುಂಗೋಪಿ, ಆದರೆ ಕೈ ಶುದ್ಧ, ಬುದ್ಧಿ ಚುರುಕು. ಪೆನ್ಸಿಲಿನ್ ನಮ್ಮ ಊರುಗಳಿಗೆ ಬಂದ ಹೊಸತು, ಅವರಿಗೆ ಅದೇ ದೇವರು. ನಾನು ಮೊದಲ ದಿನ ಇಟ್ಟಿಗೆ ಕೇಳಿದಾಗ, "ಏನಮ್ಮ, ಮನೆ ಕಟ್ತೀಯ?" ಅಂದರು. ತಟ್ಟುವುದನ್ನು ನೋಡಿ, "ಇದು ಬಟ್ಟೆ ಒಗೆಯೋ ಕೆಲಸ" ಅಂದರು. ನನಗೂ ಸಿಟ್ಟು ಬಂತು. "ಕೊಳೆ ಒಳಗಿದ್ದರೆ ಒಗೀಲೇಬೇಕಲ್ಲ ಸಾರ್" ಅಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಬೈಯಲಿಲ್ಲ. ಮಾರನೆ ದಿನ ನಾಲ್ಕು ಇಟ್ಟಿಗೆ ನನ್ನ ಮೇಜಿನ ಕೆಳಗಿದ್ದವು.

ಆಗ ಜನಕ್ಕೆ ಸೂಜಿಯ ಹುಚ್ಚು. ಸೂಜಿ ಚುಚ್ಚದ ಡಾಕ್ಟರು ಡಾಕ್ಟರೇ ಅಲ್ಲ. ನಾನು ಸೂಜಿಯಿಲ್ಲ, ಔಷಧಿ ಸೀಸೆಯಿಲ್ಲ, ಬರಿಗೈಲಿ ಹೋಗುತ್ತಿದ್ದೆ. ಗೌರಿಬಿದನೂರಿನಲ್ಲಿ ಕಡಲೆಕಾಯಿ ಮಂಡಿ ಇಟ್ಟಿದ್ದ ನಂಜುಂಡಶೆಟ್ಟರು ಅಂತ ಒಬ್ಬರಿದ್ದರು. ಮೂವತ್ತು ವರ್ಷದ ಬೀಡಿ, ಅದರ ಮೇಲೆ ಮಂಡಿಯ ಧೂಳು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಬಸ್ಸಿನಲ್ಲಿ ಮೈಯೆಲ್ಲ ಕುಲುಕಿಸಿಕೊಂಡು ಅಲ್ಲಿಗೆ ಹೋದರೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸೂದಿ ಲೇದಾ?" ಅಂತ ತೆಲುಗಿನಲ್ಲಿ ಕೇಳಿದರು. ಸೂಜಿ ಇಲ್ಲ ಅಂದೆ. "ಮತ್ತೆ ಯಾಕ್ ಬಂದ್ಯಮ್ಮ ಇಷ್ಟು ದೂರ?"

ಅವರ ಅಂಗಡಿಯ ಒಂದು ಸೋಡಾ ಬಾಟಲಿ ತೆಗೆದುಕೊಂಡು ಅರ್ಧ ನೀರು ತುಂಬಿ, ಒಂದು ರಬ್ಬರ್ ಕೊಳವೆ ಇಳಿಬಿಟ್ಟೆ. ಅದನ್ನು ಬಾಯಲ್ಲಿಟ್ಟುಕೊಂಡು ನಿಧಾನವಾಗಿ ಊದಬೇಕು, ಗುಳ್ಳೆ ಬರುತ್ತಲೇ ಇರಬೇಕು, ಬಿಸಿ ಕಾಫಿ ಆರಿಸೋ ಹಾಗೆ ಅಂತ ತೋರಿಸಿದೆ. ಶೆಟ್ಟರು ಮುಖ ಸಿಂಡರಿಸಿಕೊಂಡರು. ನಾನು ಆಕಡೆ ಹೋದೊಡನೆ ಬಾಟಲಿ ಬೀದಿಗೆ ಬೀಳುತ್ತದೆ ಅಂದುಕೊಂಡೆ. ತಿಂಗಳು ಬಿಟ್ಟು ಹೋದರೆ ಮಂಡಿಯ ಗದ್ದುಗೆ ಮೇಲೆ ಕೂತು ಗುಳುಗುಳು ಅನ್ನಿಸುತ್ತಿದ್ದಾರೆ, ಕಡಲೆಕಾಯಿ ತಂದ ರೈತರು ಸುತ್ತ ನಿಂತು ನೋಡುತ್ತಿದ್ದಾರೆ. "ಮೆಟ್ಟಿಲು ಹತ್ತಿದೆ ಕಣಮ್ಮ, ನಿಲ್ಲದೆ ಹತ್ತಿದೆ" ಅಂದರು. ಬೀಡಿ ಬಿಟ್ಟಿರಾ ಅಂದೆ. "ಬಾಯಲ್ಲಿ ನಿನ್ನ ಕೊಳವೆ ಇಟ್ಕೊಂಡು ಬೀಡಿ ಎಲ್ಲಿಡಲಿ?" ಅಂದರು. ಪೂರ್ತಿ ಬಿಡಲಿಲ್ಲ, ಆದರೆ ಅರ್ಧಕ್ಕರ್ಧ ಇಳಿಯಿತು. ಅಷ್ಟಕ್ಕೇ ನಾನು ಬಸ್ಸಿನಲ್ಲಿ ಹಾಡು ಹೇಳಿಕೊಂಡು ಬಂದೆ.

ಇಂಥ ಒಂದೆರಡು ಗೆಲುವಿನಿಂದ ನನ್ನ ತಲೆ ಸ್ವಲ್ಪ ತಿರುಗಿತ್ತು ಅಂತಲೇ ಹೇಳಬೇಕು. ನಾನೇ ಒಂದು ಉಪಾಯ ಕಂಡುಹಿಡಿದಿದ್ದೆ, ಅದರ ಮೇಲೆ ನನಗೆ ಬಲು ಹೆಮ್ಮೆ. ನಮ್ಮ ಕಡೆ ಒಂದೇ ಬೀದಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಇವೆ. ಎಡಕ್ಕೆ ಮಲಗು, ಬಲಕ್ಕೆ ಮಲಗು ಅಂದರೆ ನನ್ನ ಎಡವೋ ಅವರ ಎಡವೋ ಅಂತ ಗಲಿಬಿಲಿ. ನಾನು ಎದುರು ನಿಂತು ಕೈ ತೋರಿಸಿದರೆ ಇನ್ನೂ ಗಲಿಬಿಲಿ. ಅದಕ್ಕೆ ಮಂಚವನ್ನು ಗೋಡೆಗೆ ಸೇರಿಸಿ ಹೇಗೆ ಬೇಕೋ ಹಾಗೆ ಇಟ್ಟು, "ಗೋಡೆ ಕಡೆ ಮುಖ ಮಾಡಿ ಮಲಗು" ಅಂತಲೋ, "ಗೋಡೆಗೆ ಬೆನ್ನು ಹಾಕು" ಅಂತಲೋ ಹೇಳುತ್ತಿದ್ದೆ. ಗೋಡೆ ಎಲ್ಲರಿಗೂ ಗೊತ್ತು. ವೆಂಕಟರಾಮಯ್ಯನವರೂ ಇದನ್ನು ಮೆಚ್ಚಿಕೊಂಡು, "ನೀನು ಮೇಷ್ಟ್ರ ಮಗಳು ಅನ್ನೋದು ಗೊತ್ತಾಗತ್ತೆ" ಅಂದಿದ್ದರು. ನನ್ನ ತಪ್ಪು ಹುಟ್ಟಿದ್ದು ಈ ಉಪಾಯದಲ್ಲೇ.

ಅರವತ್ತರ ದಶಕ ಶುರುವಾಗುವ ಹೊತ್ತಿಗೆ ಶಿಡ್ಲಘಟ್ಟದಿಂದ ಖೈರುನ್ನಿಸಾ ಅನ್ನುವ ಹೆಣ್ಣುಮಗಳು ಆಸ್ಪತ್ರೆಗೆ ಬಂದಳು. ಇಪ್ಪತ್ತೆರಡು ವರ್ಷ. ಗಂಡ ಬಾಷಾ, ಅತ್ತೆ ಬೂಬಮ್ಮ, ಮೂರು ಜನವೂ ಮನೆಯಲ್ಲೇ ಚರಕ ಇಟ್ಟುಕೊಂಡು ರೇಷ್ಮೆ ನೂಲು ತೆಗೆಯುವವರು. ಕುದಿಯುವ ನೀರಲ್ಲಿ ಗೂಡು ಬೇಯಿಸಿ ನೂಲಿನ ಎಳೆ ಹಿಡಿಯುವ ಕೆಲಸ, ಬೆಳಗಿನಿಂದ ಸಂಜೆವರೆಗೆ ಹಬೆ, ಒಲೆಯ ಹೊಗೆ, ಬೆಂದ ಹುಳದ ವಾಸನೆ. ಚಿಕ್ಕಂದಿನಲ್ಲಿ ನಾಯಿಕೆಮ್ಮು ಬಂದಾಗಿನಿಂದ ಅವಳ ಎದೆ ಕೆಟ್ಟಿತ್ತು, ಈ ಕೆಲಸದಲ್ಲಿ ಪೂರ್ತಿ ಕೆಟ್ಟಿತು. ದಿನವಿಡೀ ಕೆಮ್ಮು, ದುರ್ವಾಸನೆಯ ಕಫ, ತಿಂಗಳಿಗೊಂದು ಸಲ ಜ್ವರ. ಡಾಕ್ಟರು ಕಫವನ್ನು ಮೂರು ಸಲ ಪರೀಕ್ಷೆ ಮಾಡಿಸಿ ಕ್ಷಯ ಅಲ್ಲ ಅಂತ ಖಚಿತ ಮಾಡಿಕೊಂಡರು. ಆದರೆ ಬೀದಿಯವರಿಗೆ ಯಾರು ಹೇಳಬೇಕು? ಕೆಮ್ಮಿದರೆ ಕ್ಷಯ ಅನ್ನುವ ಕಾಲ. ಅವಳ ಎಂಟು ತಿಂಗಳ ಮಗು ಶಮೀಮ್‌ಳನ್ನು ಚಿಂತಾಮಣಿಯ ತಾಯಿಮನೆಗೆ ಕಳಿಸಿಬಿಟ್ಟಿದ್ದರು. ಮಗು ಬಿಟ್ಟ ತಾಯಿಯ ಎದೆ ಹಾಲು ಕಟ್ಟಿಕೊಂಡು ನೋಯುತ್ತಿತ್ತು, ಅದನ್ನು ಅವಳು ಡಾಕ್ಟರಿಗೆ ಹೇಳಲಿಲ್ಲ, ಬಾಗಿಲ ಮರೆಯಲ್ಲಿ ನನಗೆ ಹೇಳಿ ಅತ್ತಳು. ನಾನೂ ಅತ್ತೆ.

ಬೆಂಗಳೂರಿಂದ ಬಂದ ಎಕ್ಸ್‌ರೇ ಪ್ಲೇಟನ್ನು ಡಾಕ್ಟರು ಕಿಟಕಿಗೆ ಹಿಡಿದು ತೋರಿಸಿದರು. ಬಲಗಡೆ ಶ್ವಾಸಕೋಶದ ತಳಭಾಗ ಕೆಟ್ಟಿತ್ತು. "ಇದನ್ನ ಕೊಯ್ದು ತೆಗೀಬೇಕು" ಅಂದರು. "ಬೆಂಗಳೂರಲ್ಲಿ ಮಾಡ್ತಾರೆ. ಬೆಡ್ಡಿಗೆ ಬರೆದಿದೀನಿ, ಮೂರು ತಿಂಗಳಾಗತ್ತೆ."

ಬೂಬಮ್ಮ ಸೆರಗು ಬಾಯಿಗಿಟ್ಟುಕೊಂಡರು. ಅವರ ಬೀದಿಯಲ್ಲೇ ಒಬ್ಬ ಎದೆ ಕೊಯ್ಸಿಕೊಳ್ಳೋಕೆ ಹೋದವನು ವಾಪಸು ಬಂದಿರಲಿಲ್ಲ. ಬಾಷಾ ಕೈಮುಗಿದು, "ಕೊಯ್ಯೋದ್ ಬಿಟ್ಟು ಬೇರೆ ದಾರಿ ಇಲ್ವಾ ಸಾರ್?" ಅಂದ. ಡಾಕ್ಟರು ನನ್ನ ಕಡೆ ನೋಡಿದರು. "ಮೂರು ತಿಂಗಳು ಈಕೆ ಕೈಗೆ ಕೊಡ್ತೀನಿ. ಮೊದಲು ಕಫ ಚೆನ್ನಾಗಿ ಹೊರಗೆ ಬರಬೇಕು, ಆಮೇಲೆ ದಿನದಿಂದ ದಿನಕ್ಕೆ ಕಡಿಮೆ ಆಗಬೇಕು, ಜ್ವರ ನಿಲ್ಲಬೇಕು. ಹಾಗೆ ಆದರೆ ಕತ್ತಿ ಬೇಡ. ಇಲ್ಲದಿದ್ರೆ ಬೆಂಗಳೂರಿಗೆ ಹೋಗಲೇಬೇಕು, ಅಡ್ಡಿ ಮಾಡಬಾರದು." ಖೈರುನ್ನಿಸಾ ಒಂದೇ ಮಾತು ಕೇಳಿದಳು, ಅದೂ ನನ್ನನ್ನು. "ಕಫ ನಿಂತ್ರೆ ಮಗೀನ ಕರ್ಕೊಂಬರ್ಬೋದಾ ನರ್ಸಮ್ಮ?" ಕರ್ಕೊಂಡ್ ಬರಬಹುದಮ್ಮ ಅಂದೆ.

ಮೊದಲು ಅವಳನ್ನು ಚರಕದ ಕೋಣೆಯಿಂದ ಬಿಡಿಸಿದೆವು. ಆಮೇಲೆ ನಾನೇ ಶಿಡ್ಲಘಟ್ಟಕ್ಕೆ ಹೋಗಿ ಹಿಂದಿನ ಕೋಣೆಯಲ್ಲಿ ಮಂಚ ಹಾಕಿಸಿದೆ. ಮಂಚ ದಕ್ಷಿಣದ ಗೋಡೆಗೆ. ಕೋಣೆಗಿದ್ದದ್ದು ಒಂದೇ ಕಿಟಕಿ, ಪೂರ್ವಕ್ಕೆ. ತಲೆ ಕಿಟಕಿಯ ಕಡೆ ಬಂದರೆ ಗಾಳಿ ಬೆಳಕು ಸಿಗುತ್ತದೆ ಅಂತ ತಲೆದೆಸೆ ಪೂರ್ವಕ್ಕೆ, ಕಾಲ್ದೆಸೆ ಪಶ್ಚಿಮಕ್ಕೆ ಇಟ್ಟೆ. ಕಾಲ್ದೆಸೆಗೆ ಎರಡೆರಡು ಇಟ್ಟಿಗೆ. ಹಾಗೆ ಮಲಗಿ ಗೋಡೆ ಕಡೆ ಮುಖ ಮಾಡಿದರೆ ಎಡ ಮಗ್ಗುಲು ಕೆಳಗೆ, ಕೆಟ್ಟ ಬಲ ಮಗ್ಗುಲು ಮೇಲೆ. ನಮಗೆ ಬೇಕಾದ್ದೂ ಅದೇ. "ಗೋಡೆ ಕಡೆ ಮುಖ, ಬೆಳಿಗ್ಗೆ ಖಾಲಿ ಹೊಟ್ಟೇಲಿ, ಸಂಜೆ ಊಟಕ್ಕೆ ಮುಂಚೆ. ಮೇಲಿರೋ ಪಕ್ಕೆ ಮೇಲೆ ತಟ್ಟಬೇಕು" ಅಂತ ಮೂರು ಸಲ ಹೇಳಿಸಿದೆ. ಬೂಬಮ್ಮನಿಗೆ ಅಂಗೈ ಗುಳಿ ಮಾಡುವುದನ್ನು ಕಲಿಸಿದೆ. ಮೊದಮೊದಲು ರೊಟ್ಟಿ ತಟ್ಟಿದ ಹಾಗೆ ಚಪ್ಪಟೆಯಾಗಿ ತಟ್ಟುತ್ತಿದ್ದರು. ಮೇಟ್ರನ್ ಮಾಡುತ್ತಿದ್ದ ಹಾಗೆ ಅವರ ಬೆನ್ನಿಗೆ ಕೊಡೋಕಾಗುತ್ತದೆಯೇ, ನನಗಿಂತ ಎರಡರಷ್ಟು ವಯಸ್ಸು. ಕುಡಿಯೋ ನೀರು ಅಂಗೈಲಿ ಹಿಡಿದ ಹಾಗೆ ಹಿಡೀರಿ ಅಂದೆ, ಆಗ ಬಂತು.

ಕಫ ಅಳೆಯೋದಕ್ಕೆ ಒಂದು ಗಾಜಿನ ಬಾಟಲಿ ಕೊಟ್ಟೆ. ಬಾಷಾ ಓದಿದವನಲ್ಲ. ಬಾಟಲಿಯಲ್ಲಿ ಎಷ್ಟು ಎತ್ತರ ಕಫ ಬಂತೋ ಅಷ್ಟೇ ಎತ್ತರದ ಒಂದು ಗೆರೆಯನ್ನು ಇದ್ದಿಲಿನಿಂದ ಗೋಡೆಯ ಮೇಲೆ ಎಳೆಯುತ್ತೇನೆ ಅಂದ. ದಿನಕ್ಕೊಂದು ಗೆರೆ. ನನಗೆ ಅವನ ಬುದ್ಧಿ ಬಲು ಇಷ್ಟವಾಯಿತು.

ಹದಿನೈದು ದಿನಕ್ಕೊಂದು ಗುರುವಾರ ನಾನು ಚಿಕ್ಕ ರೈಲಿನಲ್ಲಿ ಶಿಡ್ಲಘಟ್ಟಕ್ಕೆ ಹೋಗುವುದು ಅಂತ ಗೊತ್ತಾಯಿತು. ಹೋದಾಗಲೆಲ್ಲ ನಾನೇ ತಟ್ಟುತ್ತಿದ್ದೆ. ಕಾಲು ಗಂಟೆಯಲ್ಲಿ ಮೂರು ಬೆರಳು ಕಫ ಬರುತ್ತಿತ್ತು. ಬೂಬಮ್ಮ, "ಏನ್ ಕೈಗುಣ ನರ್ಸಮ್ಮ ನಿಮ್ದು. ನಾವ್ ತಟ್ಟಿದ್ರೆ ಒಂದು ಬೆರಳೂ ಬರಲ್ಲ" ಅನ್ನುತ್ತಿದ್ದರು. ಗೋಡೆ ನೋಡಿದರೆ ನಿಜ. ಹದಿಮೂರು ಮೋಟು ಗೆರೆ, ಒಂದು ಉದ್ದದ್ದು. ಮತ್ತೆ ಹದಿಮೂರು ಮೋಟು, ಒಂದು ಉದ್ದದ್ದು. ಉದ್ದದ ಗೆರೆಗಳೆಲ್ಲ ನನ್ನವು. ಅದನ್ನು ನೋಡಿ ನಾನು ಉಬ್ಬಿಹೋದೆ. ಆಸ್ಪತ್ರೆಯಲ್ಲಿ ಡಾಕ್ಟರಿಗೆ, "ಮನೆಯವರು ತಟ್ಟೋದಕ್ಕೂ ಕಲಿತವರು ತಟ್ಟೋದಕ್ಕೂ ಎಷ್ಟು ವ್ಯತ್ಯಾಸ ನೋಡಿ ಸಾರ್" ಅಂತ ಬೇರೆ ಹೇಳಿಕೊಂಡೆ. ನಾಚಿಕೆಯಾಗುತ್ತದೆ ಈಗ.

ಅದೇ ಬೂಬಮ್ಮನ ಕೈ ನಾನು ನೋಡಿದ್ದೆ. ಎರಡನೇ ಭೇಟಿಯ ಹೊತ್ತಿಗೆ ಆಕೆ ನನ್ನಷ್ಟೇ ಚೆನ್ನಾಗಿ ತಟ್ಟುತ್ತಿದ್ದರು. ಆ ಕೈಯಲ್ಲಿ ಯಾಕೆ ಬರುತ್ತಿಲ್ಲ ಅಂತ ಒಂದು ಗಳಿಗೆ ಯೋಚನೆ ಮಾಡಿದ್ದರೆ ಸಾಕಿತ್ತು. ಹೊಗಳಿಕೆ ಕಿವಿಗೆ ಬಿದ್ದ ಮೇಲೆ ಯೋಚನೆ ಎಲ್ಲಿ ಬರುತ್ತದೆ?

ಎರಡು ತಿಂಗಳು ಕಳೆಯಿತು. ಖೈರುನ್ನಿಸಾ ಗುಣವಾಗಲಿಲ್ಲ. ಜ್ವರ ಮತ್ತೆ ಬಂತು, ಕಣ್ಣು ಗುಳಿಬಿದ್ದವು. ಮೋಟು ಗೆರೆ ಮೋಟಾಗಿಯೇ, ಕೆಮ್ಮು ಹಾಗೇ. ಬೆಂಗಳೂರಿಂದ ಕಾಗದ ಬಂತು, ತಿಂಗಳ ಕೊನೆಗೆ ಬೆಡ್ಡು ಸಿಗುತ್ತದೆ, ರೋಗಿಯನ್ನು ಕಳಿಸಿ ಅಂತ. ಡಾಕ್ಟರು ನನ್ನ ಮೇಜಿನ ಮೇಲೆ ಅದನ್ನಿಟ್ಟು, "ನೀನು ಮಾಡೋದು ಮಾಡ್ದೆ ಕಣಮ್ಮ. ಇನ್ನು ಅವರು ಮಾಡ್ಲಿ" ಅಂದರು. ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ, ಅದರಿಂದಲೇ ಹೆಚ್ಚು ಸಂಕಟವಾಯಿತು.

ಆ ವಾರ ಚಿಂತಾಮಣಿಯಲ್ಲಿ ಒಬ್ಬ ರೋಗಿಯನ್ನು ನೋಡಿಕೊಂಡು ರೈಲಿನಲ್ಲಿ ವಾಪಸು ಬರುತ್ತಿದ್ದೆ. ಗುರುವಾರ ಅಲ್ಲ, ಮಂಗಳವಾರ. ಶಿಡ್ಲಘಟ್ಟ ಸ್ಟೇಷನ್ನಿನಲ್ಲಿ ಎಂಜಿನ್ ಕೆಟ್ಟು ನಿಂತಿತು. ಇನ್ನೊಂದು ಗಂಟೆ ಹೊರಡುವುದಿಲ್ಲ ಅಂದರು. ಸಂಜೆ ತಟ್ಟುವ ಹೊತ್ತು. ಬೆಂಗಳೂರಿನ ವಿಷಯ ನಾನೇ ಬಾಯಿಬಿಟ್ಟು ಹೇಳೋಣ, ಡಾಕ್ಟರ ಚೀಟಿಯಿಂದ ತಿಳಿಯೋದು ಬೇಡ ಅಂತ ನಡೆದುಕೊಂಡು ಅವರ ಮನೆಗೆ ಹೋದೆ.

ಬಾಗಿಲು ತೆರೆದೇ ಇತ್ತು. ಹಿಂದಿನ ಕೋಣೆಯಿಂದ ತಟ್ಟುವ ಸದ್ದು ಕೇಳುತ್ತಿತ್ತು, ಒಳ್ಳೆ ಸದ್ದು, ಗುಳಿ ಅಂಗೈಯದು. ಒಳಗೆ ಕಾಲಿಟ್ಟೆ, ಹಾಗೇ ನಿಂತುಬಿಟ್ಟೆ. ಮಂಚ ತಿರುಗಿತ್ತು. ತಲೆದೆಸೆ ಪಶ್ಚಿಮಕ್ಕೆ, ಇಟ್ಟಿಗೆ ಕೊಟ್ಟ ಕಾಲ್ದೆಸೆ ಕಿಟಕಿ ಕಡೆ. ಖೈರುನ್ನಿಸಾ ನಾನು ಹೇಳಿದ್ದ ಹಾಗೇ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾಳೆ. ಮಂಚ ತಿರುಗಿಸಿ ಗೋಡೆ ಅದೇ ಇಟ್ಟರೆ ಏನಾಗುತ್ತದೆ ಅಂತ ನೀವೇ ಮಲಗಿ ನೋಡಿ. ಕೆಟ್ಟ ಬಲ ಮಗ್ಗುಲು ಅಡಿಯಲ್ಲಿ, ಚೆನ್ನಾಗಿರುವ ಎಡ ಮಗ್ಗುಲು ಮೇಲೆ. ಬೂಬಮ್ಮ ಎರಡು ತಿಂಗಳಿಂದ ದಿನಕ್ಕೆರಡು ಸಲ, ತೋಳು ಸೋಲುವ ತನಕ, ಚೆನ್ನಾಗಿರುವ ಪಕ್ಕೆಯನ್ನು ತಟ್ಟುತ್ತಿದ್ದರು.

ನನಗೆ ಪಿತ್ತ ನೆತ್ತಿಗೇರಿತು. "ಯಾರು ಮಂಚ ತಿರುಗ್ಸಿದ್ದು? ನಾನು ಹೇಳಿದ್ದೇನು, ನೀವು ಮಾಡಿರೋದೇನು?" ಅಂತ ಕೂಗಾಡಿದೆ. ಖೈರುನ್ನಿಸಾ ಎದ್ದು ಕೂತಳು. ಬಾಷಾ ಚರಕದ ಕೋಣೆಯಿಂದ ಒದ್ದೆ ಕೈಯಲ್ಲೇ ಓಡಿಬಂದ. ಬೂಬಮ್ಮ ಮಾತ್ರ ಸಮಾಧಾನವಾಗಿ ಸೆರಗು ಸರಿಮಾಡಿಕೊಂಡು, "ಕೂತ್ಕೊಳ್ಳಿ ನರ್ಸಮ್ಮ" ಅಂದರು.

"ಕೂರಲ್ಲ. ಯಾಕೆ ತಿರುಗ್ಸಿದ್ರಿ ಹೇಳಿ."

"ಪಶ್ಚಿಮಕ್ಕೆ ಕಾಬಾ ಐತಮ್ಮ. ನಾವು ನಮಾಜ್ ಮಾಡೋ ದಿಕ್ಕು. ಆ ಕಡೀಗೆ ಕಾಲು ನೀಡ್ಬಾರ್ದು. ಅದೂ ಇಟ್ಟಿಗೆ ಕೊಟ್ಟು ಎತ್ಕೊಂಡು... ಕಾಯ್ಲೆ ಹುಡುಗಿ, ಇರೋ ಕಷ್ಟದ ಮೇಲೆ ಅದೊಂದು ಯಾಕೆ ಅಂತ."

ಈ ಬೀದಿಗಳಲ್ಲೇ ಹುಟ್ಟಿ ಬೆಳೆದವಳು ನಾನು. ದಿನಾ ಮಸೀದಿಯ ಬಾಂಗ್ ಕೇಳುತ್ತಾ ಎದ್ದವಳು. ಅವರು ಯಾವ ಕಡೆ ತಿರುಗಿ ನಿಲ್ಲುತ್ತಾರೆ ಅಂತ ಗೊತ್ತು, ಆದರೆ ಆ ಕಡೆ ಕಾಲು ಹಾಕುವುದಿಲ್ಲ ಅಂತ ಒಂದು ದಿನವಾದರೂ ಹೊಳೆದಿರಲಿಲ್ಲ.

"ಮತ್ತೆ ನಾನು ಬಂದಾಗ ಮಂಚ ಸರಿಯಾಗೇ ಇರ್ತಿತ್ತಲ್ಲ?"

ಬಾಷಾ ತಲೆ ತಗ್ಗಿಸಿದ. ಬೂಬಮ್ಮನೇ ಹೇಳಿದರು. "ನೀವ್ ಬರೋ ಗುರುವಾರ ಬೆಳಿಗ್ಗೆ ತಿರುಗಿಸ್ತಿದ್ವಿ. ನೀವು ಅಷ್ಟು ದೂರದಿಂದ ಬಂದು, ಕೈಯಾರ ಇಟ್ಟಿಗೆ ಇಟ್ಟಿದೀರಿ. ಅದನ್ನ ತಿರುಗಿಸಿದ್ದು ನೋಡಿದ್ರೆ ನಿಮ್ ಮನಸಿಗೆ ನೋವಾಗಲ್ವಾ? ಹದಿನೈದು ದಿನಕ್ಕೊಂದ್ ಗಳಿಗೆ, ಅಲ್ಲಾ ಮಾಫ್ ಮಾಡ್ತಾನೆ ಅಂತ." ಅಷ್ಟು ಹೇಳಿ, "ದಿಕ್ಕು ಬದಲಾದ್ರೆ ಏನಾಗತ್ತೆ? ನೀವ್ ಹೇಳಿದ್ದು ಗೋಡೆ ಕಡೆ ಮುಖ ಅಂತಲ್ವಾ? ಒಂದ್ ದಿನಾನೂ ತಪ್ಪಿಸಿಲ್ಲ" ಅಂದರು.

ನಿಜ. ನಾನು ಹೇಳಿದ್ದನ್ನು ಅವರು ಒಂದು ದಿನವೂ ತಪ್ಪಿಸಿರಲಿಲ್ಲ. ನಾನು ಹಾಗೇ ನೆಲದ ಮೇಲೆ ಕೂತೆ. ಗೋಡೆಯ ಮೇಲಿನ ಉದ್ದದ ಗೆರೆಗಳು ಎದುರಿಗೇ ಇದ್ದವು. ಯಾವುದೂ ನನ್ನ ಕೈಗುಣದ್ದಲ್ಲ, ಎಲ್ಲವೂ ಮಂಚದ್ದು. ಬಲ ಮಗ್ಗುಲು ಮೇಲೆ ಬಂದ ದಿನ ಮಾತ್ರ ಕಫ ಇಳಿದಿತ್ತು. ಎರಡು ತಿಂಗಳಲ್ಲಿ ಅವಳಿಗೆ ಚಿಕಿತ್ಸೆ ಸಿಕ್ಕಿದ್ದು ಬೆರಳೆಣಿಕೆಯ ದಿನ. ಅಷ್ಟಕ್ಕೇ ಸೋತಳು ಅಂತ ತೀರ್ಮಾನ ಮಾಡಿ ಅವಳ ಎದೆ ಕೊಯ್ಯೋಕೆ ಕಳಿಸುವವರಿದ್ದೆವು.

"ಕೂಗಾಡಿದ್ದು ತಪ್ಪಾಯ್ತು ಬೂಬಮ್ಮ" ಅಂದೆ. "ಮಂಚ ಹೀಗೇ ಇರಲಿ. ಕಾಲು ಪೂರ್ವಕ್ಕೇ ಇರಲಿ. ಖೈರು, ನೀನು ಗೋಡೆಗೆ ಬೆನ್ನು ಹಾಕಿ ಮಲಗಮ್ಮ. ಎಡಗೈ ಕೆಳಗೆ." ಅವಳ ಎಡ ಮುಂಗೈಗೆ ಒಂದು ಎಳೆ ರೇಷ್ಮೆ ದಾರ ಕಟ್ಟಿದೆ. "ದಾರದ ಕೈ ಯಾವಾಗಲೂ ಕೆಳಗೆ. ಗೋಡೆ ಮರೆತುಬಿಡಿ."

ಬೂಬಮ್ಮನೇ ತಟ್ಟಿದರು. ನಾನು ಬೇಕೆಂದೇ ಕೈ ಹಚ್ಚಲಿಲ್ಲ. ಕಾಲು ಗಂಟೆಯಲ್ಲಿ ಮೂರು ಬೆರಳು ದಾಟಿತು. ಖೈರುನ್ನಿಸಾ ಬಾಟಲಿ ನೋಡಿ, ಅತ್ತೆಯ ಮುಖ ನೋಡಿ, ಕೆಮ್ಮಿನ ನಡುವೆಯೇ ನಕ್ಕಳು. ಬಾಷಾ ಇದ್ದಿಲು ತಂದು ಉದ್ದ ಗೆರೆ ಎಳೆದ. ಅಷ್ಟು ಹೊತ್ತಿಗೆ ನನ್ನ ರೈಲು ಹೊರಟುಹೋಗಿತ್ತು.

ಮಾರನೆ ದಿನ ಡಾಕ್ಟರ ಮುಂದೆ ನಿಂತು ಎಲ್ಲ ಹೇಳಿದೆ. ಕೈಗುಣ ಅಂತ ಜಂಬ ಕೊಚ್ಚಿಕೊಂಡವಳು ಅದೇ ಬಾಯಲ್ಲಿ ತಪ್ಪು ಒಪ್ಪಿಕೊಳ್ಳುವುದು ಎಷ್ಟು ಕಷ್ಟ ಅಂತ ಒಪ್ಪಿಕೊಂಡವರಿಗೇ ಗೊತ್ತು. ಅವರು ಬೈದರು, ಚೆನ್ನಾಗಿಯೇ ಬೈದರು. "ನೀನಿಲ್ಲದಾಗ ಮಂಚ ಯಾವ ಕಡೆ ಇರತ್ತೆ ಅಂತ ಎರಡು ತಿಂಗಳು ನೋಡ್ಲಿಲ್ಲ ನೀನು." ಬೈದು ಮುಗಿದ ಮೇಲೆ, "ಇನ್ನೊಂದು ತಿಂಗಳು ಕೊಡಿ ಸಾರ್" ಅಂದೆ.

"ಈ ಬೆಡ್ಡು ಬಿಟ್ಟರೆ ಮತ್ತೆ ಯಾವಾಗ ಸಿಗತ್ತೋ ಗೊತ್ತಿಲ್ಲ. ಅಷ್ಟರಲ್ಲಿ ಅವಳಿಗೆ ಹೆಚ್ಚುಕಡಿಮೆ ಆದ್ರೆ?"

"ಗೋಡೆ ಮೇಲಿನ ಗೆರೆ ನೀವೇ ಬಂದು ನೋಡಿ ಸಾರ್" ಅಂದೆ. ಅವರು ನಿಜವಾಗಿಯೂ ಬಂದರು. ಆ ಭಾನುವಾರ ನನ್ನ ಜೊತೆ ಚಿಕ್ಕ ರೈಲಿನಲ್ಲಿ ಕೂತು ಬಂದು, ಆ ಕೋಣೆಯಲ್ಲಿ ನಿಂತು, ಗೆರೆಗಳನ್ನು ಬೆರಳಿಟ್ಟು ಎಣಿಸಿದರು. ಹದಿನಾಲ್ಕಕ್ಕೊಂದು ಉದ್ದ, ಕೊನೆಯ ಐದು ಸಾಲಾಗಿ ಉದ್ದ. ಬಾಷಾನ ಕಡೆ ತಿರುಗಿ, "ನೀನು ಬರೆದಷ್ಟು ಚೆನ್ನಾಗಿ ನನ್ನ ಆಸ್ಪತ್ರೇಲಿ ಯಾರೂ ಬರೆಯಲ್ಲ ಕಣಪ್ಪ" ಅಂದರು. ಅಲ್ಲೇ ಕೂತು, ಬೆಡ್ಡನ್ನು ಒಂದು ತಿಂಗಳು ಮುಂದೂಡಬೇಕು ಅಂತ ಬೆಂಗಳೂರಿಗೆ ಕಾಗದ ಬರೆದರು.

ಆ ಒಂದು ತಿಂಗಳು ನಾನು ಸರಿಯಾಗಿ ಊಟ ಮಾಡಲಿಲ್ಲ. ಗುರುವಾರ ಅಂತ ಕಾಯಲಿಲ್ಲ, ರಜೆ ಸಿಕ್ಕಾಗಲೆಲ್ಲ ಹೇಳದೆ ಕೇಳದೆ ಹೋದೆ. ಹನ್ನೆರಡು ದಿನ ಗೆರೆಗಳು ಉದ್ದುದ್ದ ಬಂದವು. ಹದಿಮೂರನೆಯದು ಸ್ವಲ್ಪ ಗಿಡ್ಡ. ಮತ್ತೆ ಏನಾದರೂ ತಪ್ಪಾಯಿತೇ ಅಂತ ಮಂಚ ನೋಡಿದೆ, ದಾರ ನೋಡಿದೆ. ಎಲ್ಲ ಸರಿಯಾಗಿತ್ತು. ಖೈರುನ್ನಿಸಾ, "ಒಳಗೆ ಇಲ್ಲ ನರ್ಸಮ್ಮ, ಇದ್ರೆ ತಾನೆ ಬರೋದು" ಅಂದಳು. ಅವಳ ಮೈ ಮುಟ್ಟಿದೆ, ಬಿಸಿಯಿರಲಿಲ್ಲ. ಅಲ್ಲಿಂದ ಗೆರೆಗಳು ಮೆಟ್ಟಿಲಿಳಿದ ಹಾಗೆ ಇಳಿದವು. ಎರಡು ಬೆರಳು, ಒಂದೂವರೆ, ಒಂದು. ತಿಂಗಳು ಮುಗಿಯುವ ಹೊತ್ತಿಗೆ ಬಾಟಲಿಯ ತಳ ಮುಚ್ಚುವಷ್ಟೂ ಬರಲಿಲ್ಲ.

ಡಾಕ್ಟರು ಎದೆಗೆ ಸ್ಟೆತಸ್ಕೋಪು ಇಟ್ಟು ಹಿಂದೆ ಮುಂದೆ ಕೇಳಿದರು. ರೋಗ ಬೇರುಸಹಿತ ಹೋಗಿದೆ ಅಂತ ಅವರು ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಜೋಲುಬಿದ್ದ ಕೊಳವೆ ಮತ್ತೆ ಬಿಗಿಯಾಗುವುದಿಲ್ಲ. ಜೀವನಪೂರ್ತಿ ದಿನಾ ಮಲಗಬೇಕು, ತಟ್ಟಿಸಿಕೊಳ್ಳಬೇಕು, ಹಬೆ ಹೊಗೆಯಿಂದ ದೂರ ಇರಬೇಕು ಅಂದರು. "ಆದರೆ ಕತ್ತಿ ಬೇಡ" ಅಂದರು. ಬೂಬಮ್ಮ ಆಕಾಶದ ಕಡೆ ಕೈಯೆತ್ತಿದರು.

ಮುಂದಿನ ವಾರ ಬಾಷಾ ಚಿಂತಾಮಣಿಗೆ ಹೋಗಿ ಮಗುವನ್ನು ಕರೆತಂದ. ನಾನು ಅಲ್ಲೇ ಇದ್ದೆ. ಶಮೀಮ್ ಒಂದು ವರ್ಷದವಳಾಗಿದ್ದಳು, ತಾಯಿಯ ಗುರುತು ಹತ್ತದೆ ಬಾಷಾನ ಕುತ್ತಿಗೆ ಬಿಡದೆ ಅತ್ತಳು. ಖೈರುನ್ನಿಸಾ ಎಳೆದುಕೊಳ್ಳಲಿಲ್ಲ. ಸುಮ್ಮನೆ ಮಂಚದ ಮೇಲೆ ಕೂತು ಕಾದಳು. ಎಷ್ಟೋ ಹೊತ್ತಿನ ಮೇಲೆ ಮಗು ತಾನೇ ಇಳಿದು, ತಾಯಿಯ ಕೈಲಿದ್ದ ದಾರ ಹಿಡಿದು ಎಳೆಯಿತು. ನಾವು ಹೆಂಗಸರು ಮೂರು ಜನವೂ ಅತ್ತೆವು.

ಅಲ್ಲಿಂದ ಮುಂದೆ ಯಾರ ಮನೆಗೆ ಹೋದರೂ ನಾನು ಎದೆ ಕೇಳುವುದಕ್ಕೆ ಮುಂಚೆ ಇನ್ನೊಂದು ಕೇಳುತ್ತಿದ್ದೆ. "ನಿಮ್ಮನೇಲಿ ತಲೆ ಯಾವ ಕಡೆ ಹಾಕಬಾರದು? ಕಾಲು ಯಾವ ಕಡೆ ಹಾಕಬಾರದು?" ನಂದಿಯ ದ್ರಾಕ್ಷಿ ತೋಟದವರು ಒಂದು ಹೇಳುತ್ತಿದ್ದರು, ಚಿಂತಾಮಣಿಯ ತರಕಾರಿ ಪೇಟೆಯವರು ಇನ್ನೊಂದು. ದೇವರ ಕೋಣೆ ಯಾವ ಕಡೆ, ಹಿರಿಯರು ತೀರಿಕೊಂಡ ಜಾಗ ಯಾವುದು ಎಲ್ಲ ಹೊರಗೆ ಬರುತ್ತಿತ್ತು. ಹೊಸ ಹುಡುಗಿಯರು ಇದನ್ನು ನೋಡಿ ಬೆನ್ನ ಹಿಂದೆ ನಗುತ್ತಿದ್ದರು. ನಗಲಿ. ಕಾಯಿಲೆಯವರು ಮಲಗುವುದು ನಿಮ್ಮ ಪುಸ್ತಕದ ಮಂಚದ ಮೇಲಲ್ಲ, ಅವರ ಮನೆಯ ಮಂಚದ ಮೇಲೆ. ನಿಮ್ಮ ಮನಸ್ಸು ನೋಯಬಾರದು ಅಂತ ನಿಮ್ಮಿಂದ ಮುಚ್ಚಿಡುವವರೂ ಇರುತ್ತಾರೆ. ಅವರು ಬಾಯಿಬಿಟ್ಟು ಹೇಳುವ ಹಾಗೆ ನೀವು ಕೇಳಬೇಕು. ಇಷ್ಟು ವರ್ಷದಲ್ಲಿ ನಾನು ಕಲಿತ ವಿದ್ಯೆ ಇಷ್ಟೇ ಅಂದರೂ ತಪ್ಪಿಲ್ಲ.

ಹೋದ ವರ್ಷ ನನಗೇ ಎದೆ ಕಟ್ಟಿತು. ತಮ್ಮನ ಮನೆಯಲ್ಲಿ ಮಾತ್ರೆ ನುಂಗಿಕೊಂಡು ಬಿದ್ದುಕೊಂಡಿದ್ದೆ. ಸುದ್ದಿ ಹೇಗೆ ತಿಳಿಯಿತೋ, ಶಿಡ್ಲಘಟ್ಟದಿಂದ ಖೈರುನ್ನಿಸಾ ಬಂದಳು. ಕೂದಲು ನೆರೆತಿದೆ, ಮೈಕೈ ತುಂಬಿಕೊಂಡಿದ್ದಾಳೆ. ಜೊತೆಗೆ ಶಮೀಮ್, ಅವಳೇ ಈಗ ಮೂರು ಮಕ್ಕಳ ತಾಯಿ. ಬೂಬಮ್ಮ ತೀರಿಕೊಂಡ ಮೇಲೆ ತಾಯಿಗೆ ದಿನಾ ತಟ್ಟುವವಳು ಇವಳೇ. ನನ್ನ ಕೆಮ್ಮು ಒಂದೆರಡು ಸಲ ಕೇಳಿ, ಕಫ ಬಲಗಡೆ ಅಂತ ನನ್ನ ಬಾಯಿಂದಲೇ ತಿಳಿದುಕೊಂಡು ಖೈರುನ್ನಿಸಾ ಎದ್ದು ನಿಂತಳು, ನನ್ನ ತಮ್ಮನನ್ನು ಕರೆದು ಇಟ್ಟಿಗೆ ತರಿಸಿದಳು. ಬೇಡ ಕಣೇ ಅಂದರೂ ಕೇಳಲಿಲ್ಲ.

ಇಟ್ಟಿಗೆ ಇಡುವುದಕ್ಕೆ ಬಗ್ಗಿದವಳು ಹಾಗೇ ತಡೆದು ನನ್ನ ಮುಖ ನೋಡಿದಳು.

"ನಿಮ್ ಕಡೆ ತಲೆ ಯಾವ ದಿಕ್ಕಿಗೆ ಹಾಕ್ಬಾರ್ದು ನರ್ಸಮ್ಮ?"

"ಉತ್ತರಕ್ಕೆ" ಅಂದೆ.

ತಾಯಿ ಮಗಳು ಇಬ್ಬರೂ ಸೇರಿ ಮಂಚವನ್ನು ತಿರುಗಿಸಿದರು. ಆಮೇಲೆ ಶಮೀಮ್ ತನ್ನ ಅಂಗೈಯನ್ನು ಗುಳಿ ಮಾಡಿಕೊಂಡು, "ಎಡಗೈ ಕೆಳಗೆ ಹಾಕ್ಕೊಂಡ್ ಮಲಗಿ" ಅಂದಳು. ನಾನು ಮಲಗಿದೆ.